ಕಾರವಾರದ ಹೋಟೆಲುಗಳಲ್ಲಿ ಟೇಬಲ್ ಪಕ್ಕ ನಿಂತು ಜಾದೂ ತೋರಿಸುವ ಆಸೆ. ಕಲಿಕೆ ಯಾವುದರಿಂದ ಶುರು ಮಾಡಲಿ?

ನಾಣ್ಯದಿಂದ ಶುರು ಮಾಡಿ, ಇಸ್ಪೀಟು ಆಮೇಲೆ. ನಮ್ಮ ಕರಾವಳಿಯ ತೇವಕ್ಕೆ ಎಲೆಗಳು ಒಂದಕ್ಕೊಂದು ಅಂಟುತ್ತವೆ. ಬಂಗಡೆ ಫ್ರೈ ತಿಂದ ಕೈ ಮುಟ್ಟಿದರಂತೂ ಆ ಕಟ್ಟಿನ ಕತೆ ಮುಗಿಯಿತು. 10 ರೂಪಾಯಿ ನಾಣ್ಯ 27 ಮಿ.ಮೀ. ಅಗಲ ಇದೆ, ಕೈಯಲ್ಲಿ ಬಚ್ಚಿಡಲು ಹದವಾಗಿದೆ.

ಮೊದಲ ಪಾಠ ಫ್ರೆಂಚ್ ಡ್ರಾಪ್. ಎಡಗೈಯ ಹೆಬ್ಬೆರಳು ಮತ್ತು ಬೆರಳುಗಳ ತುದಿಯಲ್ಲಿ ನಾಣ್ಯ ಹಿಡಿಯಿರಿ. ಬಲಗೈ ಅದನ್ನು ತೆಗೆದುಕೊಂಡಂತೆ ಮುಚ್ಚುತ್ತದೆ. ಆ ಮರೆಯಲ್ಲಿ ನಾಣ್ಯ ಎಡಗೈಯೊಳಗೇ ಬೀಳುತ್ತದೆ. ಗುಟ್ಟು ಇರುವುದು ಕಣ್ಣಲ್ಲಿ: ಖಾಲಿ ಬಲಗೈಯನ್ನೇ ನೋಡುತ್ತಿರಿ. ನೀವು ನೋಡಿದ ಕಡೆಗೇ ಜನ ನೋಡುತ್ತಾರೆ, ಅಲ್ವಾ? ಕನ್ನಡಿ ಮುಂದೆ ಹತ್ತು ಸಲ ನಾಣ್ಯವನ್ನು ನಿಜವಾಗಿಯೇ ತೆಗೆದುಕೊಳ್ಳಿ, ಆಮೇಲೆ ಅದೇ ಚಲನೆಯಲ್ಲಿ ಸುಳ್ಳು ಮಾಡಿ. ನಾನು ಈ ಅಭ್ಯಾಸ ಬಿಟ್ಟು ಸುಮ್ನೆ ವೇಗ ಜಾಸ್ತಿ ಮಾಡಿ ತಿಂಗಳುಗಟ್ಟಲೆ ಕಳೆದುಕೊಂಡೆ.

ಹೋಟೆಲಿಗೆ ಮೂರು ಆಟ ಸಾಕು. ಟೇಬಲ್ ಮೇಲೆ ಜಾಗ ಕೇಳಬಾರದು, ಮುಂದಿನ ಟೇಬಲ್‌ಗೆ ನಡೆಯುವಷ್ಟರಲ್ಲಿ ಮತ್ತೆ ಸಿದ್ಧವಾಗಬೇಕು. ಆರ್ಡರ್ ಕೊಟ್ಟು ಕಾಯುತ್ತಿರುವವರ ಬಳಿ ಹೋಗಿ, ನೋಡುತ್ತೀರಾ ಎಂದು ಕೇಳಿ. ಊಟ ಬಂತೆಂದರೆ ಅರ್ಧಕ್ಕೇ ನಿಲ್ಲಿಸಿ ಜಾಗ ಬಿಡಿ.