ಕೊನೇ ಹೆಜ್ಜೆಯಲ್ಲಿ ನಿಲ್ಲುವ ಬಿಲ್ಡ್

ಪ್ರಶ್ನೆ: ಉಬುಂಟುವಿನಲ್ಲಿ ಚಿತ್ರ ಬಿಡಿಸುವ ಪ್ರೋಗ್ರಾಂ ಇಂಕ್‌ಸ್ಕೇಪನ್ನು ಸೋರ್ಸ್‌ನಿಂದ ಬಿಲ್ಡ್ ಮಾಡುತ್ತಿದ್ದೇನೆ. ಎಲ್ಲಾ ಫೈಲ್ ಕಂಪೈಲ್ ಆಗಿ, ಕೊನೆಗೆ ಪಿಡಿಎಫ್ ಓದುವ ಲೈಬ್ರರಿ ಪಾಪ್ಲರ್‌ಗೆ ಸೇರಿದ ಹತ್ತಾರು ‘ಅನ್‌ಡಿಫೈನ್ಡ್ ರೆಫರೆನ್ಸ್’ ಸಾಲು ಬಂದು ನಿಂತುಬಿಡುತ್ತದೆ. ಪಾಪ್ಲರ್ ಇದೆ ಸರ್, ಹೋದ ತಿಂಗಳು ಹೊಸದನ್ನು ನಾನೇ ಸೋರ್ಸ್‌ನಿಂದ ಹಾಕಿಕೊಂಡೆ. ಕೋಡ್‌ನಲ್ಲೇ ತಪ್ಪಿದೆಯಾ?
— ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಕೋಡ್ ಮುಟ್ಟಬೇಡಿ. ನೀವೇ ಹಾಕಿಕೊಂಡ ಆ ಪಾಪ್ಲರ್ ಮೇಲೇ ನನಗೆ ಜಾಸ್ತಿ ಅನುಮಾನ.

ಲೈಬ್ರರಿಯ ವಿಷಯದಲ್ಲಿ ಕಂಪೈಲರ್ ನೋಡುವುದು ಹೆಡರ್ ಫೈಲನ್ನು ಮಾತ್ರ. ಈ ಹೆಸರಿನ ಫಂಕ್ಷನ್ ಇದೆ ಎಂದು ಅಲ್ಲಿ ಬರೆದಿದ್ದರೆ ನಂಬಿ ಮುಂದೆ ಹೋಗುತ್ತದೆ. ಆ ಫಂಕ್ಷನ್ನನ್ನು ಲೈಬ್ರರಿಯಲ್ಲಿ ಹುಡುಕುವುದು ಲಿಂಕರ್, ಅದೂ ಕೊನೆಯಲ್ಲಿ. ಸಿಗದಿದ್ದರೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎನ್ನುತ್ತದೆ. ಅಡುಗೆ ಭಟ್ಟರು ಪಟ್ಟಿ ಎಷ್ಟೇ ಸರಿಯಾಗಿ ಬರೆದರೂ ಸಾಮಾನು ಅಂಗಡಿಯಲ್ಲಿ ಇರಬೇಕು, ಅಲ್ವಾ?

ನಿಮ್ಮಲ್ಲಿ ಈಗ ಎರಡು ಪಾಪ್ಲರ್ ಇರಬೇಕು. ಉಬುಂಟುವಿನದು ಯುಎಸ್ಆರ್ ಫೋಲ್ಡರ್ ಕೆಳಗೆ, ನಿಮ್ಮದು ಯುಎಸ್ಆರ್ ಲೋಕಲ್ ಕೆಳಗೆ. ಒಂದರ ಹೆಡರ್, ಇನ್ನೊಂದರ ಲೈಬ್ರರಿ ಸಿಕ್ಕಿದರೆ ಹೀಗೇ ಆಗುವುದು. ಸಿ ಪ್ಲಸ್ ಪ್ಲಸ್‌ನಲ್ಲಿ ಫಂಕ್ಷನ್ನಿನ ಒಂದು ಆರ್ಗ್ಯುಮೆಂಟ್‌ನ ಟೈಪ್ ಬದಲಾದರೂ ಸಾಕು, ಲಿಂಕರ್‌ಗೆ ಅದು ಬೇರೆಯೇ ಹೆಸರು.

ಸುಮ್ನೆ ಊಹಿಸುವುದು ಬೇಡ, ನೋಡಿಬಿಡಿ. ‘ಎಲ್‌ಡಿ ರಿಟರ್ನ್ಡ್ 1’ ಎನ್ನುವ ಕೊನೆಯ ಸಾಲಿನಿಂದ ಏನೂ ತಿಳಿಯುವುದಿಲ್ಲ. ಮೇಲಕ್ಕೆ ಹೋಗಿ ಮೊದಲ ಎರರ್‌ನಲ್ಲಿರುವ ಹೆಸರನ್ನು ತೆಗೆದುಕೊಳ್ಳಿ. ಎರಡೂ ಲೈಬ್ರರಿಗಳ ಮೇಲೆ, ಒಳಗಿನ ಹೆಸರುಗಳನ್ನು ತೋರಿಸುವ ಎನ್ಎಂ ಕಮಾಂಡನ್ನು ದೊಡ್ಡ ಡಿ, ದೊಡ್ಡ ಸಿ ಆಪ್ಷನ್ ಕೊಟ್ಟು ಓಡಿಸಿ, ಆ ಹೆಸರನ್ನು ಹುಡುಕಿ. ಹೆಸರಿನ ಮುಂದೆ ‘ಟಿ’ ಇದ್ದರೆ ಫಂಕ್ಷನ್ ಆ ಲೈಬ್ರರಿಯಲ್ಲಿದೆ. ‘ಯು’ ಇದ್ದರೆ ಅದಕ್ಕೂ ಬೇರೆ ಕಡೆಯಿಂದ ಬರಬೇಕು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅನುಮಾನ ನಿಜ.

ಆಗ ಪಾಪ್ಲರ್‌ನ ಹಳೇ ಬಿಲ್ಡ್ ಫೋಲ್ಡರ್ ಇನ್ನೂ ಇದ್ದರೆ, ಅಲ್ಲಿರುವ ಇನ್‌ಸ್ಟಾಲ್ ಮ್ಯಾನಿಫೆಸ್ಟ್ ಫೈಲ್ ನೋಡಿ. ನೀವು ಹಾಕಿದ ಪ್ರತಿ ಫೈಲಿನ ಜಾಗವನ್ನು ಬಿಲ್ಡ್ ಸಜ್ಜು ಮಾಡುವ ಸಿಮೇಕ್ ಅದರಲ್ಲಿ ಬರೆದಿಟ್ಟಿರುತ್ತದೆ. ಅವನ್ನಷ್ಟೇ ತೆಗೆದು, ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಕಮಾಂಡ್ ಓಡಿಸಿ. ಹೆಡರ್‌ಗಳಿರುವ ಪಾಪ್ಲರ್‌ನ ಡೆವ್ ಪ್ಯಾಕೇಜನ್ನು ಉಬುಂಟುವಿನ ಆಪ್ಟ್ ಕಮಾಂಡ್‌ನಿಂದಲೇ ಹಾಕಿಕೊಳ್ಳಿ. ಬರೀ ಪಾಪ್ಲರ್ ಪ್ಯಾಕೇಜ್ ಪ್ರೋಗ್ರಾಂ ಓಡಿಸಲು ಸಾಕು, ಲಿಂಕ್ ಮಾಡಲು ಸಾಲದು. ಆಮೇಲೆ ಇಂಕ್‌ಸ್ಕೇಪಿನ ಬಿಲ್ಡ್ ಫೋಲ್ಡರನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡಿ. ತುಂಬಾ ಜನ ಇದನ್ನೇ ಬಿಡುತ್ತಾರೆ. ಸಿಮೇಕ್ ಹಳೇ ದಾರಿಯನ್ನು ತನ್ನ ಕ್ಯಾಶ್‌ನಲ್ಲಿ ನೆನಪಿಟ್ಟುಕೊಂಡಿರುತ್ತದೆ, ಮತ್ತೆ ಅಲ್ಲಿಗೇ ಹೋಗುತ್ತದೆ.

ಇಷ್ಟಾದರೂ ನಿಂತರೆ ಮೊದಲ ಹತ್ತು ಸಾಲು ಕಳಿಸಿ, ಕೊನೆಯದಲ್ಲ. ಒಟ್ಟಿಗೆ ನೋಡೋಣ.