ಪುಟ ಬಿಡುವ ಚಿತ್ರಪುಸ್ತಕ

ಪ್ರಶ್ನೆ: ಮಗಳಿಗೆ 14 ತಿಂಗಳು. ಚಂದದ ಚಿತ್ರಪುಸ್ತಕ ಕೊಟ್ಟರೆ ಒಂದೇ ಪುಟ ನೋಡುತ್ತಾಳೆ, ಅಂಚು ಕಚ್ಚುತ್ತಾಳೆ. ಮಳೆಗಾಲದಲ್ಲಿ ರಟ್ಟಿನ ಪದರವೂ ಬಿಟ್ಟುಕೊಂಡಿದೆ. ಏನು ಮಾಡಲಿ?
– ಓದುಗರೊಬ್ಬರು, ಕಾರವಾರ

ಉತ್ತರ: ಒಂದೇ ಪುಟ ನೋಡಲಿ ಬಿಡಿ, ಈ ವಯಸ್ಸಿನ ಓದೇ ಅದು. ಕತೆ ಮುಗಿಸುವ ಹಟ ಬೇಡ. ಅವಳು ಬೆರಳಿಟ್ಟ ಏಡಿಯನ್ನೋ ಪಾತಿದೋಣಿಯನ್ನೋ ಹೆಸರಿಸಿ ತುಸು ಕಾಯಿರಿ. ಅವಳೂ ಏನಾದರೂ ಉಲಿಯುತ್ತಾಳೆ. ಪುಟಕ್ಕೆ ಒಂದೆರಡೇ ಚಿತ್ರ, ಸುತ್ತ ಖಾಲಿ ಜಾಗ, ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣ ಇರುವುದನ್ನು ಆರಿಸಿ. ಹೊಳಪು ವಿಪರೀತವಿದ್ದರೆ ಬಲ್ಬಿನ ಬೆಳಕು ಮಿರುಗಿ ಚಿತ್ರವೇ ಕಾಣದು. ಪುಟದ ತುಂಬ ಹತ್ತಾರು ವಸ್ತು ತುರುಕಿದ ಪುಸ್ತಕ ಕೊಳ್ಳುವವರ ಕಣ್ಣಿಗೆ ಮಾತ್ರ ಚಂದ.

ಎಂಜಲು, ಕರಾವಳಿಯ ತೇವ ಎರಡೂ ಸೇರಿ ರಟ್ಟು ಉಬ್ಬುತ್ತದೆ, ಅಂಟು ಬಿಡುತ್ತದೆ. ಒದ್ದೆಯಾದ ಕೂಡಲೇ ಒರೆಸಿ, ಪುಟ ಬಿಡಿಸಿ ಫ್ಯಾನಿನಡಿ ನಿಲ್ಲಿಸಿ, ಸುಡುಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಬಿಟ್ಟ ಪದರಕ್ಕೆ ಫೆವಿಕಾಲ್ ತೆಳ್ಳಗೆ ಸವರಿ, ಎರಡೂ ಬದಿಗೆ ಪ್ಲಾಸ್ಟಿಕ್ ಹಾಳೆಯಿಟ್ಟು, ರಾತ್ರಿಯಿಡೀ ಭಾರ ಹೇರಿ. ದಪ್ಪ ಸವರಿದರೆ ಅಂಟು ಹೊರಬಂದು ಪುಟಗಳೇ ಕಚ್ಚಿಕೊಳ್ಳುತ್ತವೆ. ಮಳೆಗಾಲದಲ್ಲಿ ಕಪಾಟು ಗೋಡೆಗೆ ತಾಗದಿರಲಿ. ಬೂಷ್ಟು ಹಿಡಿದದ್ದು, ಚೂರು ಉದುರುವುದು ಮಗುವಿನ ಕೈಗೆ ಬೇಡವೇ ಬೇಡ.