ಡ್ರೋನ್‌ಗಳ ಹಿಡಿತಕ್ಕಾಗಿ ಅಮೆರಿಕದ ವಾಯುಪಡೆ, ಭೂಸೇನೆ ಏಕೆ ಕಿತ್ತಾಡಿದವು?

2007ರ ಮಾರ್ಚ್‌ನಲ್ಲಿ ವಾಯುಪಡೆ ಮುಖ್ಯಸ್ಥ ಜನರಲ್ ಮೋಸ್ಲಿ, 3,500 ಅಡಿಗಿಂತ ಮೇಲೆ ಹಾರುವ ಡ್ರೋನ್‌ಗಳ ಖರೀದಿ, ಅಭಿವೃದ್ಧಿಯ ಹೊಣೆ ತಮ್ಮ ಪಡೆಗೇ ಬೇಕೆಂದರು. ಭೂಸೇನೆ ಒಪ್ಪಲಿಲ್ಲ. ಸೆಪ್ಟೆಂಬರ್‌ನಲ್ಲಿ ರಕ್ಷಣಾ ಇಲಾಖೆಯ ಉಪ ಕಾರ್ಯದರ್ಶಿ ಗಾರ್ಡನ್ ಇಂಗ್ಲೆಂಡ್ ಈ ಬೇಡಿಕೆಯನ್ನು ತಳ್ಳಿಹಾಕಿದರು.

ಹಣದ ಜಗಳ ಇತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು, ಡ್ರೋನ್ ಯಾರ ಮಾತು ಕೇಳಬೇಕು ಎಂಬುದು. ವಾಯುಪಡೆಯ ಪ್ರಿಡೇಟರ್ ಡ್ರೋನನ್ನು ಅಮೆರಿಕದ ನೆವಾಡ ರಾಜ್ಯದಲ್ಲಿ ಕುಳಿತ ಪೈಲಟ್ ಅಧಿಕಾರಿ ಉಪಗ್ರಹದ ಮೂಲಕ ಹಾರಿಸುತ್ತಿದ್ದರು. ಯಾವ ತುಕಡಿಗೆ ಎಷ್ಟು ಹೊತ್ತು ಎಂಬುದು ಮೇಲಿನ ಹಂತದಲ್ಲಿ ತೀರ್ಮಾನವಾಗುತ್ತಿತ್ತು. ನೆಲದಲ್ಲಿ ಕಾದಾಡುವ ಕಮಾಂಡರ್‌ಗೆ ಬೇಕಾದಾಗ ಸಿಗುವ ಖಾತರಿ ಇರಲಿಲ್ಲ. ಈ ದೂರು ನನಗೆ ನ್ಯಾಯವೆನಿಸುತ್ತದೆ. ಭೂಸೇನೆ ತನ್ನ ಗ್ರೇ ಈಗಲ್ ಡ್ರೋನ್‌ಗಳನ್ನು ಯುದ್ಧಭೂಮಿಯ ಡಿವಿಷನ್‌ಗಳಿಗೇ (ಸಾವಿರಾರು ಸೈನಿಕರ ದೊಡ್ಡ ಪಡೆಗಳಿಗೇ) ಕೊಟ್ಟಿತು. ಈ ಡ್ರೋನ್ ತಾನೇ ಏರಿ ಇಳಿಯುವುದರಿಂದ ತರಬೇತಿ ಪಡೆದ ಸೈನಿಕರೇ ನಡೆಸಬಲ್ಲರು. ಆದರೂ ವಾಯುಪಡೆಯ ಆತಂಕ ಪೊಳ್ಳಲ್ಲ: ಒಂದೇ ಎತ್ತರದಲ್ಲಿ ಹಲವರ ಡ್ರೋನ್, ವಿಮಾನಗಳು ಹಾರಿದರೆ ಡಿಕ್ಕಿಯ ಅಪಾಯ, ರೇಡಿಯೊ ತರಂಗಾಂತರಗಳ ಕಿತ್ತಾಟ ಎರಡೂ ಇವೆ.